ಕುಳೆಂ: ಘಾಟಿನ ಬುಡದ ಸ್ಟೇಷನ್ನು

ಗೋವಾದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಕುಳೆಂ ಸ್ಟೇಷನ್ನನ್ನು ನೋಡದವರು ಕಡಿಮೆ, ಅಲ್ಲಿ ಇಳಿದವರು ಅದಕ್ಕಿಂತಲೂ ಕಡಿಮೆ. ವಾಸ್ಕೊದ ಬಾಯಣಾದಲ್ಲೋ ಝುವಾರಿನಗರದಲ್ಲೋ ಮನೆ ಮಾಡಿಕೊಂಡು, ಪಂಚಮಿಗೂ ಯುಗಾದಿಗೂ ಧಾರವಾಡ, ಗದಗ, ಕೊಪ್ಪಳದ ಕಡೆಗೆ ಹೊರಡುವ ನಮ್ಮವರಿಗೆ ಕುಳೆಂ ಎಂದರೆ ರೈಲು ಯಾವ ಕಾರಣವನ್ನೂ ಹೇಳದೆ ಬಹಳ ಹೊತ್ತು ನಿಂತುಬಿಡುವ ಜಾಗ. ಮಕ್ಕಳು ನೀರಿನ ಬಾಟಲಿ ತುಂಬಿಸಿಕೊಳ್ಳಲು ಇಳಿಯುತ್ತಾರೆ, ಹಿರಿಯರು ಕಿಟಕಿಯಿಂದಲೇ ಬೈಯುತ್ತಾರೆ, ಚಹಾದವನು ಒಂದು ಸುತ್ತು ಹಾಕಿ ಹೋಗುತ್ತಾನೆ, ಆಮೇಲೆ ಹಿಂದಿನಿಂದ ಒಂದು ಮೆಲ್ಲನೆಯ ಧಕ್ಕೆ ಬೋಗಿಗಳನ್ನೆಲ್ಲ ಹಾದು ಮುಂದೆ ಬರುತ್ತದೆ. ಆ ಧಕ್ಕೆಯಲ್ಲಿಯೇ ಈ ಸ್ಟೇಷನ್ನಿನ ಹುಟ್ಟಿನ ಕಾರಣವಿದೆ.

ದಕ್ಷಿಣ ಗೋವಾದ ಪೂರ್ವದಂಚಿನಲ್ಲಿ, ಸಹ್ಯಾದ್ರಿಯ ಬುಡದಲ್ಲಿ ಕುಳೆಂ ಇದೆ. ಇಲ್ಲಿಂದ ಘಾಟಿನ ಮೇಲೆ ಕರ್ನಾಟಕದಲ್ಲಿರುವ ಕ್ಯಾಸಲ್‌ರಾಕ್ ಸ್ಟೇಷನ್ನಿಗೆ ಸುಮಾರು 26 ಕಿಲೋಮೀಟರ್. ಅಷ್ಟು ದೂರದಲ್ಲಿ ರೈಲು ಐನೂರು ಮೀಟರಿಗೂ ಹೆಚ್ಚು ಎತ್ತರವನ್ನು ಏರಬೇಕು. ಕಡಿದಾದ ಕಡೆಗಳಲ್ಲಿ 37 ಮೀಟರ್ ಮುಂದೆ ಸಾಗಿದರೆ ಒಂದು ಮೀಟರ್ ಮೇಲಕ್ಕೆ ಹೋಗಿರುತ್ತೇವೆ. ರಸ್ತೆಯ ಲೆಕ್ಕದಲ್ಲಿ ಇದೊಂದು ಏರೇ ಅಲ್ಲ, ಲಾರಿಯವನು ಗೇರನ್ನೂ ಬದಲಿಸಲಾರ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ಮಾತ್ರ ಲೆಕ್ಕ ಬೇರೆ. ಹಳಿಗೂ ಗಾಲಿಗೂ ನಡುವೆ ಹಿಡಿತ ಬಹಳ ಕಡಿಮೆ ಇರುವುದರಿಂದಲೇ ರೈಲು ಸಮತಟ್ಟಿನಲ್ಲಿ ಅಷ್ಟು ಹಗುರವಾಗಿ ಓಡುತ್ತದೆ, ಅದೇ ಕಾರಣಕ್ಕೆ ಏರಿನಲ್ಲಿ ಗಾಲಿ ಜಾರುತ್ತದೆ. ಜೊತೆಗೆ ಮಳೆ ಬಿದ್ದು ಹಳಿಯ ಮೇಲೆ ಕಾಡಿನ ಎಲೆ ಅಂಟಿಕೊಂಡಿದ್ದರೆ ಕೇಳುವುದೇ ಬೇಡ.

ಆದ್ದರಿಂದ ಕುಳೆಂನಲ್ಲಿ ಬ್ಯಾಂಕರ್ ಹಚ್ಚುತ್ತಾರೆ. ಬ್ಯಾಂಕರ್ ಎಂದರೆ ರೈಲಿನ ಹಿಂಬದಿಗೆ ಜೋಡಿಸುವ ಸಹಾಯಕ ಎಂಜಿನ್ನುಗಳು. ಮುಂದಿನ ಎಂಜಿನ್ನುಗಳು ಎಳೆಯುತ್ತವೆ, ಹಿಂದಿನವು ನೂಕುತ್ತವೆ. ಹೇರು ತುಂಬಿದ ಚಕ್ಕಡಿ ಹಳ್ಳದ ದಿನ್ನೆ ಹತ್ತುವಾಗ ಎತ್ತುಗಳ ಮೇಲೆಯೇ ಭಾರ ಬಿಡದೆ ನಾಲ್ಕು ಮಂದಿ ಹಿಂದಿನಿಂದ ಕೈ ಹಚ್ಚುತ್ತಾರಲ್ಲ, ಅದೇ ಉಪಾಯ. ಹೀಗೆ ಮಾಡುವುದರಿಂದ ಇನ್ನೊಂದು ಲಾಭವೂ ಇದೆ. ಇಡೀ ರೈಲಿನ ತೂಕವನ್ನು ಮುಂದಿನ ಎಂಜಿನ್ನುಗಳಷ್ಟೇ ಎಳೆದರೆ ಮೊದಲ ಬೋಗಿಗಳ ಕಪ್ಲಿಂಗಿನ, ಅಂದರೆ ಬೋಗಿಗಳನ್ನು ಜೋಡಿಸುವ ಕೊಂಡಿಯ, ಮೇಲೆ ತಡೆಯಲಾರದ ಸೆಳೆತ ಬೀಳುತ್ತದೆ. ಹಿಂದಿನಿಂದ ನೂಕು ಸಿಕ್ಕರೆ ಆ ಸೆಳೆತ ಅರ್ಧಕ್ಕರ್ಧ ಇಳಿಯುತ್ತದೆ, ಕಪ್ಲಿಂಗ್ ಮುರಿದು ಹಿಂದಿನ ಬೋಗಿಗಳು ಇಳಿಜಾರಿನಲ್ಲಿ ಓಡಿಹೋಗುವ ಭಯವೂ ತಪ್ಪುತ್ತದೆ. ಪ್ಲಾಟ್‌ಫಾರ್ಮಿನ ಹಿಂತುದಿಯವರೆಗೆ ನಡೆದುಹೋದರೆ ಈ ಕೆಲಸವನ್ನು ಹತ್ತಿರದಿಂದ ನೋಡಬಹುದು. ಎಂಜಿನ್ ನಡಿಗೆಯ ವೇಗಕ್ಕಿಂತಲೂ ನಿಧಾನವಾಗಿ ಬರುತ್ತದೆ, ಪಾಯಿಂಟ್ಸ್‌ಮನ್ ಹಸಿರು ಬಾವುಟವನ್ನು ಅಡ್ಡಡ್ಡವಾಗಿ ಬೀಸುತ್ತ ಕರೆಯುತ್ತಾನೆ, ಕಪ್ಲರುಗಳು ಒಂದಕ್ಕೊಂದು ಕಚ್ಚಿಕೊಂಡ ಸದ್ದಾದ ಮೇಲೆ ಅವನು ಕೆಳಗೆ ಬಗ್ಗಿ ಬ್ರೇಕಿನ ಗಾಳಿಯ ಪೈಪುಗಳನ್ನು ಜೋಡಿಸಿ ಕಾಕ್ ತಿರುವುತ್ತಾನೆ. ಗಾಳಿ ಪೈಪಿನೊಳಗೆ ನುಗ್ಗುವ ಸುಯ್ಯೆಂಬ ಸದ್ದು ಕೇಳಿದ ಮೇಲೂ ಗಾಡಿ ಹೊರಡುವುದಿಲ್ಲ. ಒತ್ತಡ ಕಡೆಯ ಬೋಗಿಯವರೆಗೆ ಸರಿಯಾಗಿ ಏರಿತೋ ಇಲ್ಲವೋ ಎಂಬುದನ್ನು ಪರೀಕ್ಷಿಸಿ, ಕಾಗದದಲ್ಲಿ ಬರೆದು ಸಹಿ ಹಾಕಿದ ಮೇಲೆಯೇ ಸಿಗ್ನಲ್. ಕಿಟಕಿಯಲ್ಲಿ ಕುಳಿತು ಬೈಯುವ ಹಿರಿಯರಿಗೆ ಇದನ್ನು ಯಾರಾದರೂ ಹೇಳಿದ್ದರೆ ಅರ್ಧ ಸಿಟ್ಟು ಇಳಿಯುತ್ತಿತ್ತು.

ಇಳಿಯುವ ರೈಲುಗಳ ಕಥೆ ಇನ್ನೂ ಕಠಿಣ. ಕ್ಯಾಸಲ್‌ರಾಕ್ ಮತ್ತು ಕುಳೆಂ ನಡುವೆ ಕರಂಜೋಳ, ದೂಧ್‌ಸಾಗರ, ಸೋನಾವಳಿ ಎಂಬ ಪುಟ್ಟ ನಿಲ್ದಾಣಗಳಿವೆ. ಸುತ್ತ ಊರೇ ಇಲ್ಲದ ಕಾಡಿನಲ್ಲಿ ಇವೇಕಿವೆ ಎಂದು ಹೊಸಬರು ಕೇಳುತ್ತಾರೆ. ಇವು ಜನರಿಗಾಗಿ ಕಟ್ಟಿದವಲ್ಲ, ರೈಲನ್ನು ಹದ್ದಿನಲ್ಲಿ ಇಡುವುದಕ್ಕೆ ಕಟ್ಟಿದವು. ಇಂಥ ಘಾಟುಗಳಲ್ಲಿ ಕ್ಯಾಚ್ ಸೈಡಿಂಗ್ ಎಂಬ ವ್ಯವಸ್ಥೆ ಇರುತ್ತದೆ. ಇಳಿದು ಬರುವ ಗಾಡಿಗೆ ಪಾಯಿಂಟನ್ನು, ಅಂದರೆ ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಕೀಲನ್ನು, ಮುಖ್ಯ ಹಳಿಯ ಕಡೆಗೆ ಕೂಡಿಸಿರುವುದಿಲ್ಲ, ಗುಡ್ಡದ ಮೇಲಕ್ಕೆ ಏರಿ ಅಲ್ಲಿಯೇ ಮುಗಿಯುವ ಒಂದು ಕವಲು ಹಳಿಯ ಕಡೆಗೆ ಕೂಡಿಸಿರುತ್ತಾರೆ. ಗಾಡಿ ನಿಯಮದಂತೆ ಬಂದು ನಿಂತರೆ, ಬ್ರೇಕು ಹಿಡಿತದಲ್ಲಿದೆ ಎಂದು ಖಾತ್ರಿಯಾಯಿತು, ಪಾಯಿಂಟ್ ಬದಲಿಸಿ ಮುಂದಕ್ಕೆ ಬಿಡುತ್ತಾರೆ. ಬ್ರೇಕು ಕೈಕೊಟ್ಟು ಗಾಡಿ ನಿಲ್ಲದೇ ಹೋದರೆ ಅದು ತಾನಾಗಿಯೇ ಆ ಏರುಹಳಿಗೆ ಹೊಕ್ಕು ವೇಗ ಕಳೆದುಕೊಳ್ಳುತ್ತದೆ.

ಈ ಘಾಟನ್ನು ಬ್ರಗಾಂಜಾ ಘಾಟ್ ಎಂದು ಕರೆಯುತ್ತಾರೆ. ಬ್ರಗಾಂಜಾ ಎಂಬುದು ಅಂದು ಪೋರ್ಚುಗಲ್ ಆಳುತ್ತಿದ್ದ ರಾಜಮನೆತನ. ಆ ದೊರೆಗಳಿಗೆ ಸಹ್ಯಾದ್ರಿಯ ಈ ಮೂಲೆಯಲ್ಲಿ ರೈಲು ಏಕೆ ಬೇಕಾಯಿತು ಎಂದು ನೋಡಲು ಹೋದರೆ ಉಪ್ಪಿನ ಸಂಗತಿ ಎದುರಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಗೋವಾ ಹಳೆಯ ವೈಭವ ಕಳೆದುಕೊಂಡ, ಆದಾಯವಿಲ್ಲದ ವಸಾಹತಾಗಿತ್ತು. ಮುರಗಾಂವದಂಥ ಒಳ್ಳೆಯ ಬಂದರು ಕೈಯಲ್ಲಿದ್ದರೂ ಅದರ ಹಿಂದೆ ಸರಕು ತರುವ ದಾರಿ ಇರಲಿಲ್ಲ. ಇತ್ತ ಬ್ರಿಟಿಷರ ತಲೆಬೇನೆಯೇ ಬೇರೆ. ಅವರ ಸೀಮೆಯಲ್ಲಿ ಉಪ್ಪಿನ ಮೇಲೆ ದೊಡ್ಡ ಕರ, ಗೋವಾದ ಗದ್ದೆಗಳಲ್ಲಿ ಅಗ್ಗದ ಉಪ್ಪು, ನಡುವೆ ಕಾಡಿನ ಗಡಿ. ಕಳ್ಳಸಾಗಣೆ ಆಗದೆ ಇರುತ್ತದೆಯೇ? 1878ರ ಡಿಸೆಂಬರ್ 26ರಂದು ಎರಡೂ ಸರ್ಕಾರಗಳು ಒಂದು ಒಪ್ಪಂದಕ್ಕೆ ಬಂದವು. ಗಡಿಯ ಸುಂಕಗಳನ್ನು ತೆಗೆದುಹಾಕುವುದು, ಗೋವಾದ ಉಪ್ಪಿನ ತಯಾರಿಕೆಯನ್ನು ಬ್ರಿಟಿಷರ ಹತೋಟಿಗೆ ಕೊಡುವುದು, ಅದಕ್ಕೆ ಪ್ರತಿಯಾಗಿ ಬ್ರಿಟಿಷ್ ಸರ್ಕಾರ ವರ್ಷಕ್ಕೆ 4 ಲಕ್ಷ ರೂಪಾಯಿ ಕೊಡುವುದು, ಮುರಗಾಂವದಿಂದ ಒಳನಾಡಿಗೆ ರೈಲು ಹಾಕುವುದು, ಇವು ಅದರ ಮುಖ್ಯ ಅಂಶಗಳು. ಉಪ್ಪಿನ ಗದ್ದೆಯನ್ನೇ ನಂಬಿದ್ದ ಗೋವಾದ ಕುಟುಂಬಗಳಿಗೆ ಈ ಒಪ್ಪಂದ ದೊಡ್ಡ ಪೆಟ್ಟು ಕೊಟ್ಟಿತು. ಕುಳೆಂನ ರೈಲು ಹಳಿಯ ಬೆಲೆಯನ್ನು ಮೊದಲು ತೆತ್ತವರು ಅವರು ಎಂದೇ ನಾನು ತಿಳಿದಿದ್ದೇನೆ.

1881ರಲ್ಲಿ ಲಂಡನ್ನಿನಲ್ಲಿ ಇದಕ್ಕೆಂದೇ ಒಂದು ಕಂಪನಿ ನೋಂದಣಿಯಾಯಿತು. ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ ಎಂದು ಅದರ ಹೆಸರು. ಹೂಡಿದ ಬಂಡವಾಳಕ್ಕೆ ಇಂತಿಷ್ಟು ಬಡ್ಡಿ ಬಂದೇ ಬರುತ್ತದೆ ಎಂದು ಪೋರ್ಚುಗೀಸ್ ಸರ್ಕಾರ ಜಾಮೀನು ನಿಂತಿತು. ಗಡಿಯ ಈಚೆಗೆ, ಅಂದರೆ ನಮ್ಮ ಹುಬ್ಬಳ್ಳಿ, ಧಾರವಾಡ, ಲೋಂಡಾಗಳ ಕಡೆಯಿಂದ ಹಳಿ ತಂದು ಕೂಡಿಸಿದ್ದು ಸದರ್ನ್ ಮರಾಠಾ ರೈಲ್ವೆ ಕಂಪನಿ. ಎರಡೂ ಮೀಟರ್ ಗೇಜ್, ಅಂದರೆ ಒಂದು ಮೀಟರ್ ಅಗಲದ ಹಳಿ. ಗೋವಾದ ಬಯಲಿನ ಭಾಗ 1887ರಲ್ಲಿ ಸಂಚಾರಕ್ಕೆ ತೆರೆದರೆ, ಘಾಟಿನ ಮೇಲೆ ಕ್ಯಾಸಲ್‌ರಾಕ್‌ವರೆಗಿನ ಇಡೀ ಮಾರ್ಗ ತೆರೆದದ್ದು 1888ರಲ್ಲಿ. ಮುರಗಾಂವದಿಂದ ಗಡಿಯವರೆಗೆ ಒಟ್ಟು 82 ಕಿಲೋಮೀಟರ್. ಅದರಲ್ಲಿ ಹೆಚ್ಚು ಹಣ, ಹೆಚ್ಚು ಕಾಲ, ಹೆಚ್ಚು ಜೀವ ತಿಂದದ್ದು ಕುಳೆಂ ಆಚೆಗಿನ ಘಾಟು. ಹತ್ತಕ್ಕೂ ಹೆಚ್ಚು ಸುರಂಗಗಳು, ಕಂದರಗಳ ಮೇಲೆ ಎತ್ತರದ ಸೇತುವೆಗಳು, 310 ಮೀಟರಿನ ದೂಧ್‌ಸಾಗರ ಜಲಪಾತದ ಎದೆಗೆ ಅಡ್ಡಲಾಗಿ ಹಾದ ಹಳಿ, ಇವೆಲ್ಲ ಜ್ವರದ ಕಾಡಿನಲ್ಲಿ ಕೈಕೆಲಸದಿಂದ ಎದ್ದವು.

ಇಷ್ಟೆಲ್ಲ ಆಗಿ ಬಂದ ಲಾಭವೇನು? ಮೊದಮೊದಲು ಏನೂ ಇಲ್ಲ. ಧಾರವಾಡ ಸೀಮೆಯ ಹತ್ತಿ ಮುರಗಾಂವಕ್ಕೆ ಇಳಿಯುತ್ತದೆ, ಅಲ್ಲಿಂದ ಹಡಗು ಏರುತ್ತದೆ ಎಂಬುದು ಲೆಕ್ಕಾಚಾರವಾಗಿತ್ತು. ಮುಂಬಯಿಯ ಪೇಟೆ, ಅಲ್ಲಿನ ದಲಾಲರು, ಅಲ್ಲಿನ ಗಿರಣಿಗಳು ಆ ಹತ್ತಿಯನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡಲಿಲ್ಲ. ಬಂದರು ಕಟ್ಟಿದ ಮಾತ್ರಕ್ಕೆ ಪೇಟೆ ಕಟ್ಟಿದಂತಾಗುವುದಿಲ್ಲ ಎಂಬುದನ್ನು ಲಿಸ್ಬನ್ ದುಬಾರಿಯಾಗಿಯೇ ಕಲಿಯಿತು. ಕಂಪನಿಗೆ ಕೊಡಬೇಕಾದ ಬಡ್ಡಿಯ ಭಾರ ಪೋರ್ಚುಗೀಸ್ ಖಜಾನೆಯ ಮೇಲೆ ವರ್ಷವರ್ಷವೂ ಬಿತ್ತು. 1892ರಲ್ಲಿ ಒಪ್ಪಂದವೂ ಮುಗಿದುಹೋಯಿತು. ತೆಗೆದುಹಾಕಿದ್ದ ಸುಂಕದ ಕಟ್ಟೆಗಳು ಮರಳಿ ಬಂದವು, ಆಗ ಕುಳೆಂಗೆ ಘಾಟಿನ ಜೊತೆ ಗಡಿಯೂ ಅಂಟಿಕೊಂಡಿತು. ಮೇಲೆ ಕ್ಯಾಸಲ್‌ರಾಕ್‌ನಲ್ಲಿ ಬ್ರಿಟಿಷರ ತಪಾಸಣೆ, ಕೆಳಗೆ ಕುಳೆಂನಲ್ಲಿ ಪೋರ್ಚುಗೀಸರ ತಪಾಸಣೆ. ಗಂಟು ಬಿಚ್ಚಬೇಕು, ಪೆಟ್ಟಿಗೆ ತೆರೆಯಬೇಕು, ತೋರಿಸಬೇಕು, ಮತ್ತೆ ಕಟ್ಟಬೇಕು. ಎಂಜಿನ್ ಜೋಡಿಸುವುದಕ್ಕೆ ಹೇಗೂ ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿಯೇ ಸುಂಕದವರೂ ಕುಳಿತದ್ದು ಅವರ ಪಾಲಿಗೆ ಅನುಕೂಲವಾಯಿತು.

ಸರಕು ಕಡಿಮೆಯಿದ್ದರೂ ಜನ ಮಾತ್ರ ಕಡಿಮೆಯಿರಲಿಲ್ಲ. ಕೆಲಸ ಹುಡುಕಿಕೊಂಡು ಮುಂಬಯಿ, ಪುಣೆಗಳಿಗೆ ಹೊರಟ ಗೋವಾದ ಅಡುಗೆಯವರು, ಬ್ಯಾಂಡಿನವರು, ಹಡಗಿನ ನಾವಿಕರು, ಗುಮಾಸ್ತರು ಹಡಗಿನ ದಾರಿ ಬಿಟ್ಟರೆ ನಂಬಿಕೊಂಡದ್ದು ಇದೇ ಹಳಿಯನ್ನು. ಕುಳೆಂ, ಕ್ಯಾಸಲ್‌ರಾಕ್, ಲೋಂಡಾ, ಬೆಳಗಾವಿ, ಮಿರಜ, ಪುಣೆ ಹೀಗೆ ಆ ಪ್ರಯಾಣ. ಇಂದು ನಮ್ಮ ಕಡೆಯವರು ಕಟ್ಟಡದ ಕೆಲಸಕ್ಕೆ, ಬಂದರಿನ ಕೂಲಿಗೆ ಘಾಟು ಇಳಿದು ಬರುತ್ತಾರೆ. ಒಂದು ನೂರು ವರ್ಷಗಳ ಹಿಂದೆ ಹೊಟ್ಟೆಪಾಡಿನ ಹರಿವು ಎದುರು ದಿಕ್ಕಿನಲ್ಲಿ, ಮೇಲ್ಮುಖವಾಗಿತ್ತು. ‘ಹೊರಗಿನವರು’ ಎಂಬ ಮಾತು ಗೋವಾದ ಬೀದಿಗಳಲ್ಲಿ ಕಿವಿಗೆ ಬಿದ್ದಾಗಲೆಲ್ಲ ನನಗೆ ಈ ಸಂಗತಿ ನೆನಪಾಗುತ್ತದೆ, ಆಡಿದವರಿಗೆ ಹೇಳುವ ಉತ್ಸಾಹವೇನೂ ಇಲ್ಲ.

1902ರಲ್ಲಿ ಮಾರ್ಗವನ್ನು ನಡೆಸುವ ಹೊಣೆ ಸದರ್ನ್ ಮರಾಠಾ ರೈಲ್ವೆಗೆ ಹೋಯಿತು. ಪೋರ್ಚುಗೀಸರ ನೆಲ, ಲಂಡನ್ನಿನ ಕಂಪನಿ, ಗಾಡಿ ಓಡಿಸುವವರು ಧಾರವಾಡದ ಕಡೆಯವರು ಎಂಬ ವಿಚಿತ್ರ ಏರ್ಪಾಡು ಅಲ್ಲಿಂದ ಶುರುವಾಯಿತು. ಬಳ್ಳಾರಿ ಜಿಲ್ಲೆಯ ಸಂಡೂರಿನ ಬೆಟ್ಟಗಳ ಮ್ಯಾಂಗನೀಸ್ ಅದಿರು ಮುರಗಾಂವದಿಂದ ಹೊರದೇಶಗಳಿಗೆ ಹೋಗತೊಡಗಿದಾಗ ಘಾಟಿಗೆ ಒಂದಿಷ್ಟು ದುಡಿಮೆಯೂ ಸಿಕ್ಕಿತು. ಅದಿರಿನ ಗಾಡಿಗೆ ಇಳಿಜಾರೇ ದಾರಿ. ಭಾರ ಕೆಳಕ್ಕೆ, ಖಾಲಿ ಮೇಲಕ್ಕೆ. ಎಂಜಿನ್ನಿಗೆ ಅದು ಹಗುರ, ಬ್ರೇಕಿಗೆ ಅದು ಕಷ್ಟ.

ಇದೆಲ್ಲ ನಿಂತದ್ದು 1955ರಲ್ಲಿ. ಭಾರತ ಸ್ವತಂತ್ರವಾದರೂ ಗೋವಾ ಬಿಡಲು ಪೋರ್ಚುಗೀಸರು ಒಪ್ಪದೆ ಇದ್ದಾಗ ಭಾರತ ಸರ್ಕಾರ ಆರ್ಥಿಕ ದಿಗ್ಬಂಧನ ಹೇರಿತು. ಆ ವರ್ಷದ ಆಗಸ್ಟ್ 15ರಂದು ದೇಶದ ಹಲವು ಕಡೆಗಳಿಂದ ಬಂದ ಸಾವಿರಾರು ಸತ್ಯಾಗ್ರಹಿಗಳು ನಿಶ್ಶಸ್ತ್ರರಾಗಿ ಗೋವಾದ ಗಡಿ ಹೊಕ್ಕರು. ಹಾಗೆ ಹೊಕ್ಕ ಕಡೆಗಳಲ್ಲಿ ಕ್ಯಾಸಲ್‌ರಾಕ್ ಕೂಡ ಒಂದು. ಪೋರ್ಚುಗೀಸರ ಗುಂಡಿಗೆ ಗಡಿಯುದ್ದಕ್ಕೂ ಇಪ್ಪತ್ತಕ್ಕೂ ಹೆಚ್ಚು ಮಂದಿ ಬಲಿಯಾದರು. ಗಡಿ ಮುಚ್ಚಿತು, ಘಾಟಿನ ಮೇಲೆ ರೈಲು ನಿಂತಿತು, ಮುರಗಾಂವದಿಂದ ಹೊರಟ ಗಾಡಿ ಕುಳೆಂಗೆ ಬಂದು ಅಲ್ಲಿಂದಲೇ ಹಿಂತಿರುಗತೊಡಗಿತು. ಬೆಳಗಾವಿ, ಧಾರವಾಡದ ಕಡೆಯಿಂದ ಬರುತ್ತಿದ್ದ ಅಕ್ಕಿ, ತರಕಾರಿಗಳ ಹಾದಿ ಕಡಿದದ್ದರಿಂದ ಗೋವಾ ಆಡಳಿತ ನೆದರ್ಲೆಂಡ್ಸಿನಿಂದ ಬಟಾಟೆ, ಪಾಕಿಸ್ತಾನದಿಂದ ಅಕ್ಕಿ, ಸಿಲೋನಿನಿಂದ ಚಹಾ ತರಿಸಿಕೊಳ್ಳಬೇಕಾಯಿತು. ಬೆಳಗಾವಿಯ ಬಟಾಟೆ ಒಂದು ರಾತ್ರಿಯ ದಾರಿಯಲ್ಲಿರುವಾಗ ಯುರೋಪಿನಿಂದ ಹಡಗಿನಲ್ಲಿ ಬಟಾಟೆ ಬರುತ್ತಿತ್ತು! 1961ರ ಡಿಸೆಂಬರ್ 18ರಂದು ಭಾರತದ ಸೇನೆ ಒಳಹೊಕ್ಕಿತು. ಪೂರ್ವದಿಂದ ಇಳಿದ ಒಂದು ದಳ ಕುಳೆಂನ ನೆರೆಯ ಮೊಲೆಂ ಹಾದು ಫೋಂಡಾದ ಕಡೆಗೆ ನಡೆಯಿತು. 19ರ ಹೊತ್ತಿಗೆ ಪೋರ್ಚುಗೀಸ್ ಆಳ್ವಿಕೆ ಮುಗಿದಿತ್ತು. ಕುಳೆಂಗೆ ಅಂಟಿಕೊಂಡಿದ್ದ ಗಡಿ ಕಳಚಿತು, ಏರು ಮಾತ್ರ ಇದ್ದಲ್ಲಿಯೇ ಇತ್ತು.

ಆಮೇಲಿನ ಕಥೆ ಬಹುಮಟ್ಟಿಗೆ ಬೋರ್ಡು ಬದಲಾದ ಕಥೆ. ಮೊದಲು ದಕ್ಷಿಣ ರೈಲ್ವೆ, 1966ರಿಂದ ದಕ್ಷಿಣ ಮಧ್ಯ ರೈಲ್ವೆ, 2003ರಿಂದ ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯಿರುವ ನೈಋತ್ಯ ರೈಲ್ವೆ. ಮಿರಜದಿಂದ ವಾಸ್ಕೊಗೆ ಓಡುತ್ತಿದ್ದ ಮೀಟರ್ ಗೇಜಿನ ಗೋಮಾಂತಕ ಎಕ್ಸ್‌ಪ್ರೆಸ್ ಹಳಬರ ನೆನಪಿನಲ್ಲಿ ಇನ್ನೂ ಓಡುತ್ತಿದೆ. ತೊಂಬತ್ತರ ದಶಕದಲ್ಲಿ ಹಳಿ ಬ್ರಾಡ್ ಗೇಜ್ ಆಯಿತು, ಅದೇ ದಶಕದ ಕೊನೆಗೆ, 1998ರ ಜನವರಿಯಲ್ಲಿ, ಕೊಂಕಣ ರೈಲ್ವೆ ಪೂರ್ಣವಾಗಿ ತೆರೆದು ಮುಂಬಯಿಯ ಪ್ರಯಾಣಿಕರನ್ನೆಲ್ಲ ಕಡಲ ಕಡೆಯಿಂದ ಎಳೆದುಕೊಂಡಿತು. ಮಡಗಾಂವ ದೊಡ್ಡ ಜಂಕ್ಷನ್ ಆಯಿತು. ಕುಳೆಂ ಮುಂಬಯಿಯ ದಾರಿಯಿಂದ ಸರಿದು ಬಹುಮಟ್ಟಿಗೆ ಹುಬ್ಬಳ್ಳಿಯ ದಾರಿಯಾಗಿ ಉಳಿಯಿತು. ನಿಜಾಮುದ್ದೀನಿಗೆ ಹೋಗುವ ಗೋವಾ ಎಕ್ಸ್‌ಪ್ರೆಸ್, ಹೌರಾಗೆ ಹೋಗುವ ಅಮರಾವತಿ, ಯಶವಂತಪುರದ ಗಾಡಿಗಳು ಈಗಲೂ ಇಲ್ಲಿ ನಿಂತು ಎಂಜಿನ್ ಜೋಡಿಸಿಕೊಂಡೇ ಮೇಲೇರುತ್ತವೆ.

ಕೊಂಕಣದ ಹಳಿಯ ಮೇಲೆ ಮಳೆಗಾಲದಲ್ಲಿ ಏನಾದರೂ ತೊಂದರೆಯಾದಾಗ ಅಲ್ಲಿನ ಗಾಡಿಗಳನ್ನು ಈ ಘಾಟಿನ ಮೇಲೆ ತಿರುಗಿಸುವುದುಂಟು. 2021ರ ಜುಲೈ 23ರಂದು ಹಾಗೆ ತಿರುಗಿಸಿದ್ದ ಮಂಗಳೂರು–ಮುಂಬಯಿ ರೈಲು ದೂಧ್‌ಸಾಗರ ಮತ್ತು ಸೋನಾವಳಿ ನಡುವೆ ಕುಸಿದುಬಿದ್ದ ಮಣ್ಣಿಗೆ ಸಿಕ್ಕಿ ಹಳಿ ತಪ್ಪಿತು. ನಮ್ಮ ಪಂಚಮಿ ಬರುವುದೂ ಈ ಮಳೆಯ ಕಾಲದಲ್ಲಿಯೇ. ಉಂಡಿಯ ಡಬ್ಬಿ ಕಟ್ಟಿಕೊಂಡು ಊರಿನಿಂದ ಮರಳುವವರೂ, ತವರಿಗೆ ಹೊರಟವರೂ ಘಾಟಿನ ಸುದ್ದಿ ಕೇಳಿಕೊಂಡೇ ಮನೆ ಬಿಡುತ್ತಾರೆ. ಅಳ್ನಾವರದ ಕಡೆಯ, ಈ ಘಾಟಿನಲ್ಲಿ ಬಹಳ ವರ್ಷ ಹಳಿ ನೋಡಿಕೊಳ್ಳುವ ಗ್ಯಾಂಗಿನಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಸಿಕ್ಕಾಗ, ಮಳೆಗಾಲದ ಗಸ್ತು ಹೇಗೆ ನಡೆಯುತ್ತಿತ್ತು ಎಂದು ಕೇಳಿದೆ. “ಮಳಿಗಾಲದಾಗ ಹಳಿ ಒಂದ ನೋಡಿದ್ರ ಆಗಂಗಿಲ್ರೀ ಸರ, ಗುಡ್ಡ ನೋಡಬೇಕು. ಗುಡ್ಡದ ನೀರು ತಿಳಿ ಇರೂತನ ಚಿಂತಿಲ್ಲ. ಕೆಂಪಗ ಬರಾಕ ಹತ್ತಿತಂದ್ರ ಮ್ಯಾಲೆ ಎಲ್ಲೋ ಮಣ್ಣು ಸಡಲಾಗೇತಿ ಅಂತ ಲೆಕ್ಕ. ಕೂಡ್ಲೇ ಸ್ಟೇಷನ್ನಿಗೆ ತಿಳಸ್ತಿದ್ವಿ” ಎಂದರು. ಬಲಗೈಯ ಅವರ ಹೆಬ್ಬೆರಳಿನ ಉಗುರು ಕಪ್ಪಾಗಿ ಸೊಟ್ಟ ಬೆಳೆದಿತ್ತು, ಹಳಿ ಬಿಗಿಮಾಡುವ ಕೀ ಬಡಿಯುವಾಗ ಸುತ್ತಿಗೆ ತಪ್ಪಿದ ಗುರುತು ಎಂದು ಅವರೇ ತೋರಿಸಿದರು.

ಇಂದು ಕುಳೆಂನಲ್ಲಿ ಇಳಿಯುವ ಹೊರಗಿನವರಲ್ಲಿ ಹೆಚ್ಚಿನವರು ದೂಧ್‌ಸಾಗರಕ್ಕೆ ಹೋಗುವವರು. ಸ್ಟೇಷನ್ನಿನ ಹತ್ತಿರದಿಂದಲೇ ಜೀಪುಗಳು ಹೊರಡುತ್ತವೆ. ಭಗವಾನ್ ಮಹಾವೀರ ಅಭಯಾರಣ್ಯದೊಳಗೆ ಹೊಳೆಗಳನ್ನು ನೀರಿನಲ್ಲಿಯೇ ದಾಟಿಕೊಂಡು ಹೋಗುವ ದಾರಿ ಅದಾದ್ದರಿಂದ ಮಳೆಗಾಲದಲ್ಲಿ ಜೀಪು ಇರುವುದಿಲ್ಲ, ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಶುರು. ಜಲಪಾತ ತುಂಬಿ ಸುರಿಯುವುದು ಜುಲೈನಲ್ಲಿ, ಹೋಗಲು ದಾರಿಯಿರುವುದು ಅಕ್ಟೋಬರ್‌ನಲ್ಲಿ. ಈ ಅಂತರ ಸಹಿಸಲಾರದ ತರುಣರು ಮಳೆಯಲ್ಲಿ ಹಳಿಯ ಮೇಲೆಯೇ ನಡೆದುಹೋಗುತ್ತಾರೆ, ರೈಲ್ವೆ ಪೊಲೀಸರು ಹಿಡಿದು ದಂಡ ಹಾಕುತ್ತಾರೆ, 2023ರಲ್ಲಿ ಕಿವಿ ಹಿಡಿಸಿ ಬಸ್ಕಿ ಹೊಡೆಸಿದ ವಿಡಿಯೋ ಊರೆಲ್ಲ ತಿರುಗಿತು. ಬಸ್ಕಿಯ ಬಗ್ಗೆ ಏನೇ ಹೇಳಿ, ತಿರುವಿನಾಚೆಯ ಸುರಂಗದಲ್ಲಿ ಎರಡು ದಿಕ್ಕಿನಿಂದಲೂ ಗಾಡಿ ಬರಬಹುದಾದ ಒಂಟಿ ಹಳಿಯ ಮೇಲೆ ಮಳೆಯ ಸದ್ದಿನಲ್ಲಿ ನಡೆಯುವುದು ಹುಚ್ಚು. ಅದರ ಬದಲು ಹತ್ತಿರದ ತಾಂಬ್ಡಿ ಸುರ್ಲಾಕ್ಕೆ ಹೋಗಿ ಬರಬಹುದು. ಕದಂಬರ ಕಾಲದ ಕರಿಗಲ್ಲಿನ ಮಹಾದೇವನ ಗುಡಿ ಅಲ್ಲಿದೆ, ನಮ್ಮ ಕಡೆಯ ಗುಡಿಗಳನ್ನು ಕಂಡವರಿಗೆ ಅದರ ಕಂಬಗಳು ಪರಿಚಿತವೆನ್ನಿಸುತ್ತವೆ.

ಈಗಿನ ವಾದವೆಲ್ಲ ಎರಡನೆಯ ಹಳಿಯದು. ಕ್ಯಾಸಲ್‌ರಾಕ್ ಆಚೆಯ ತಿನೈಘಾಟ್‌ನಿಂದ ವಾಸ್ಕೊವರೆಗೆ ಜೋಡಿ ಹಳಿ ಹಾಕುವ ಯೋಜನೆಯನ್ನು ರೈಲ್ವೆ ಹಿಡಿದುಕೊಂಡಿತು. ಮೊಲೆಂ ಕಾಡಿನ ಮೂಲಕ ಹಾದುಹೋಗುವ ಈ ಹಳಿ, ಹೆದ್ದಾರಿಯ ಅಗಲೀಕರಣ, ವಿದ್ಯುತ್ ಮಾರ್ಗ ಈ ಮೂರನ್ನೂ ವಿರೋಧಿಸಿ 2020ರಲ್ಲಿ ಗೋವಾದ ತರುಣರು ದೊಡ್ಡ ಚಳವಳಿ ಹೂಡಿದರು. ಆ ವರ್ಷದ ನವೆಂಬರ್ ಮೊದಲಲ್ಲಿ ಚಾಂದೋರಿನ ರೈಲ್ವೆ ಗೇಟಿನ ಬಳಿ ಜನ ರಾತ್ರಿಯಿಡೀ ಹಳಿಯ ಮೇಲೆ ಕುಳಿತಿದ್ದರು. ಮೇ 2022ರಲ್ಲಿ ಸುಪ್ರೀಂ ಕೋರ್ಟು, ತಾನೇ ನೇಮಿಸಿದ್ದ ಸಮಿತಿಯ ವರದಿಯನ್ನು ಒಪ್ಪಿ, ಕ್ಯಾಸಲ್‌ರಾಕ್–ಕುಳೆಂ ಭಾಗದ ಜೋಡಿ ಹಳಿಗೆ ಕೊಟ್ಟಿದ್ದ ವನ್ಯಜೀವಿ ಮಂಡಳಿಯ ಅನುಮತಿಯನ್ನು ರದ್ದು ಮಾಡಿತು.

ಚಳವಳಿಗಾರರ ಮುಖ್ಯ ದೂರು ಕಲ್ಲಿದ್ದಲಿನದು. ಹೊರದೇಶಗಳಿಂದ ಮುರಗಾಂವಕ್ಕೆ ಬರುವ ಕಲ್ಲಿದ್ದಲು ಘಾಟು ಹತ್ತಿ ಹೋಗುವುದು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಂಥ ಕಡೆಗಳಿಗೆ, ಅಂದರೆ ನಮ್ಮದೇ ನಾಡಿಗೆ. ಆದ್ದರಿಂದ ಇದು ಗೋವಾದವರ ಜಗಳ, ನಮಗೇಕೆ ಎಂದು ವಾಸ್ಕೊದ ಕನ್ನಡಿಗರು ಸುಮ್ಮನಿರಲು ಬರುವುದಿಲ್ಲ. ಬಂದರಿನ ಪಕ್ಕದ ನಮ್ಮ ಓಣಿಗಳಲ್ಲಿ ಒಣಹಾಕಿದ ಬಟ್ಟೆಯ ಮೇಲೆ ಕೂರುವ ಕಪ್ಪು ಧೂಳು ಅದೇ ಕಲ್ಲಿದ್ದಲಿನದು. ಎರಡನೆಯ ಹಳಿ ಬಂದರೆ ಊರಿಗೆ ಹೋಗುವ ಗಾಡಿ ಬೇಗ ಏರೀತು ಎಂಬ ಆಸೆ ನಮ್ಮವರಲ್ಲಿದೆ, ಅದನ್ನು ಸುಳ್ಳೆನ್ನಲಾರೆ. ಆದರೆ ಕುಳೆಂನಲ್ಲಿ ಆಗುವ ತಡಕ್ಕೆ ಹಳಿ ಒಂಟಿಯಾಗಿರುವುದು ಒಂದು ಕಾರಣ ಮಾತ್ರ. ಬ್ಯಾಂಕರ್ ಹಚ್ಚುವುದು, ಬಿಚ್ಚುವುದು, ಬ್ರೇಕು ಪರೀಕ್ಷಿಸುವುದು ಹಳಿ ಎರಡಾದರೂ ತಪ್ಪುವುದಿಲ್ಲ. ಮಣ್ಣು ಕುಸಿಯುವ ಗುಡ್ಡವನ್ನು ಇನ್ನಷ್ಟು ಅಗಲಕ್ಕೆ ಕಡಿದರೆ ಕುಸಿತ ಕಡಿಮೆಯಾಗುತ್ತದೆ ಎಂದು ಗುಡ್ಡ ಕಂಡವರಾರೂ ಹೇಳಲಾರರು. ನನ್ನ ಮಟ್ಟಿಗೆ, ಹಣ ಹಾಕುವುದಿದ್ದರೆ ಇರುವ ಹಳಿಯ ಬದಿಯ ಗುಡ್ಡಗಳನ್ನು ಭದ್ರಪಡಿಸಲು ಹಾಕಲಿ, ಹಬ್ಬದ ದಿನಗಳಲ್ಲಿ ಹುಬ್ಬಳ್ಳಿಯವರೆಗೆ ಒಂದು ಹೆಚ್ಚುವರಿ ಹಗಲು ಗಾಡಿ ಬಿಡಲಿ, ಕಲ್ಲಿದ್ದಲಿನ ಗಾಡಿಗಳನ್ನು ಆ ದಿನಗಳಲ್ಲಿ ಕುಳೆಂನಲ್ಲಿ ಕಾಯಿಸಲಿ.